ಮೊದಲ ಕೋವಿಯ ಲೈಸೆನ್ಸ್: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರದಿಂದ ಸ್ವಲ್ಪ ಒಳಗೆ ನನ್ನದು ಏಳೆಕರೆ ಕಾಫಿ ತೋಟ, ಕೆಳಗೆ ಒಂದಿಷ್ಟು ಗದ್ದೆ. ಕೋವಿ ಲೈಸೆನ್ಸ್ ಸಿಕ್ಕ ಮೇಲೆ ಸಂತೆಯಲ್ಲಿ, ಮದುವೆ ಮನೆಯಲ್ಲಿ, ಮೆಣಸು ಮಾರಲು ಹೋದ ಕಡೆಯಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಕಾನೂನು ಒಂದೇ. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು, 2019ರಲ್ಲಿ ಕಾಯ್ದೆಗೆ ಆದ ತಿದ್ದುಪಡಿ. ಈ ಮೂರನ್ನು ನೆನಪಿಟ್ಟುಕೊಂಡರೆ ಸಾಕು.

ಅರ್ಜಿಯಲ್ಲಿ ಕಾರಣ ಏನಂತ ಬರೆಯಬೇಕು?

ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ ಇದು. ಮೊದಲು ಕೇಳಬೇಕಾದದ್ದೂ ಇದೇ. ಯಾವ ಕೋವಿ ಸಿಗುತ್ತದೆ, ಯಾವ ಕಾಗದ ಕೊಡಬೇಕು, ಕೋವಿಯನ್ನು ಎಲ್ಲಿಯವರೆಗೆ ಒಯ್ಯಬಹುದು, ಎಲ್ಲವೂ ಈ ಕಾರಣದ ಮೇಲೆ ನಿಂತಿದೆ.

ನಮ್ಮಂಥವರಿಗೆ ದಾರಿ ಎರಡು. ಒಂದು, ಆತ್ಮರಕ್ಷಣೆ. ಇನ್ನೊಂದು, ಬೆಳೆ ರಕ್ಷಣೆ. ಕ್ರೀಡೆಯದು ಬೇರೆಯೇ ಲೆಕ್ಕ, ಅದಕ್ಕೆ ರೈಫಲ್ ಕ್ಲಬ್ಬಿನ ಸದಸ್ಯತ್ವ, ಸ್ಪರ್ಧೆಯ ದಾಖಲೆ ಬೇಕು. ಆತ್ಮರಕ್ಷಣೆಯ ಲೈಸೆನ್ಸ್ ಫಾರಂ 3ರಲ್ಲಿ ಬರುತ್ತದೆ, ಬೆಳೆ ರಕ್ಷಣೆಯದು ಫಾರಂ 4ರಲ್ಲಿ. ನಾನು ಜಾಣತನ ಮಾಡಲು ಹೋಗಿ "ಆತ್ಮರಕ್ಷಣೆ ಮತ್ತು ಬೆಳೆ ರಕ್ಷಣೆಗಾಗಿ" ಅಂತ ಎರಡನ್ನೂ ಸೇರಿಸಿ ಬರೆದೆ. ಎರಡು ಹೇಳಿದರೆ ಬಲ ಜಾಸ್ತಿ ಅಂದುಕೊಂಡಿದ್ದೆ. ಯಾವುದಕ್ಕೆ ಅಂತ ಸ್ಪಷ್ಟಪಡಿಸಿ ಎಂದು ಅರ್ಜಿ ವಾಪಸ್ ಬಂತು. ಎರಡು ತಿಂಗಳು ಹೋಯಿತು. ತಪ್ಪು ನನ್ನದೇ.

ಕಾಯ್ದೆಯ 13ನೇ ಕಲಂ ಒಮ್ಮೆ ಓದಿಸಿಕೊಳ್ಳಿ. ನಳಿಗೆ ಒಳಗೆ ನುಣ್ಣಗಿದ್ದು, 20 ಇಂಚಿಗೆ ಕಡಿಮೆ ಇಲ್ಲದ ಕೋವಿಯನ್ನು ರಕ್ಷಣೆಗೆ ಕೇಳಿದರೆ, ಅಥವಾ ನಿಜವಾದ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಕೇಳಿದರೆ, ನಿರಾಕರಿಸಲು ಕಾರಣ ಇಲ್ಲದಿದ್ದಾಗ ಕಾನೂನು ಕೊಡುವ ಕಡೆಗೇ ವಾಲುತ್ತದೆ. ಕೇಪಿನ ಕೋವಿ ಸಾಲದು ಅಂತ ಮನವರಿಕೆಯಾದರೆ ತೋಟೆ (ಕಾರ್ಟ್ರಿಜ್) ಹಾಕುವ ಕೋವಿಗೂ ಅನುಮತಿ ಕೊಡಬಹುದು. ಪಿಸ್ತೂಲು, ರಿವಾಲ್ವರ್, ರೈಫಲ್ ಕೇಳಿದರೆ ಮಾತು ಬೇರೆ. ಅಲ್ಲಿ ಸರಿಯಾದ ಕಾರಣ ಇದೆ ಅಂತ ನೀವು ಒಪ್ಪಿಸಬೇಕು.

ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ. ಬಿಸಿಲೆ ಘಾಟಿಯ ಈಚೆ ಇರುವ ನಮಗ್ಯಾಕೆ ಬೇಕು?

ಕೊಡಗಿನವರಿಗೆ ಎಲ್ಲರಿಗೂ ಅಲ್ಲ. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಭೂಮಿ (ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ) ಹೊಂದಿದವರಿಗೆ ಮಾತ್ರ ವಿನಾಯಿತಿ. ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅವರಾದರೂ ವಿನಾಯಿತಿ ಪತ್ರ ಮಾಡಿಸಿಕೊಳ್ಳುತ್ತಾರೆ. ನಿಮ್ಮ ಹೆಂಡತಿಯ ತವರು ಸೋಮವಾರಪೇಟೆ ಅಂದ ಮಾತ್ರಕ್ಕೆ ಆ ವಿನಾಯಿತಿ ನಿಮಗೆ ದಾಟಿ ಬರುವುದಿಲ್ಲ. (ಇದನ್ನು ಒಬ್ಬರು ನಿಜವಾಗಿಯೂ ಕೇಳಿದ್ದಾರೆ.)

ಲೈಸೆನ್ಸ್ ಕೊಡುವವರು ಯಾರು?

ಜಿಲ್ಲಾಧಿಕಾರಿ, ಅಂದರೆ ಜಿಲ್ಲಾ ದಂಡಾಧಿಕಾರಿ. ಪೊಲೀಸರು ವರದಿ ಕೊಡುತ್ತಾರೆ ಅಷ್ಟೇ, ಸಹಿ ಅವರದ್ದಲ್ಲ. ಬೆಂಗಳೂರಿನಂಥ ಕಮಿಷನರೇಟ್ ಊರುಗಳಲ್ಲಿ ಮಾತ್ರ ಪೊಲೀಸ್ ಕಮಿಷನರ್. ತೋಟ ಮೂಡಿಗೆರೆಯಲ್ಲಿ, ಸಂಸಾರ ಬೆಂಗಳೂರಿನಲ್ಲಿ ಅನ್ನುವವರು ಸಿಕ್ಕಿಬೀಳುವುದು ಇಲ್ಲೇ. ಆಧಾರ್‌ನಲ್ಲಿ ಒಂದು ವಿಳಾಸ, ಅರ್ಜಿಯಲ್ಲಿ ಇನ್ನೊಂದು. ಅದನ್ನು ಮೊದಲು ಸರಿಮಾಡಿಕೊಳ್ಳಿ.

ವಯಸ್ಸು ಎಷ್ಟಾಗಿರಬೇಕು?

21 ತುಂಬಿರಬೇಕು. ಹಿಂಸೆಯ ಅಪರಾಧದಲ್ಲಿ ಜೈಲು ಶಿಕ್ಷೆಯಾಗಿ, ಅದು ಮುಗಿದು ಐದು ವರ್ಷ ಕಳೆಯದವರಿಗೆ, ಶಾಂತಿ ಕಾಪಾಡುವುದಾಗಿ ಮುಚ್ಚಳಿಕೆ ಬರೆದುಕೊಟ್ಟು ಅದರ ಅವಧಿ ಮುಗಿಯದವರಿಗೆ ಸಿಗುವುದಿಲ್ಲ. ಬೇಲಿ ಜಗಳಕ್ಕೆ ಠಾಣೆ ಹತ್ತಿದವರು ಈ ಮುಚ್ಚಳಿಕೆಯ ವಿಷಯ ಮರೆತೇಬಿಟ್ಟಿರುತ್ತಾರೆ. ಠಾಣೆಯ ದಾಖಲೆ ಮರೆತಿರುವುದಿಲ್ಲ.

ಏನೇನು ಕಾಗದ ಬೇಕು?

ಅರ್ಜಿ ಫಾರಂ ಎ-1. ಈಗ ಕೇಂದ್ರ ಗೃಹ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ತುಂಬಬೇಕು, ಪ್ರತಿ ಲೈಸೆನ್ಸಿಗೂ ಅಲ್ಲಿ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಬರುತ್ತದೆ. ಆ ಸಂಖ್ಯೆ ಇಲ್ಲದ ಹಳೇ ಲೈಸೆನ್ಸ್ ಪುಸ್ತಕ ಮನೆಯಲ್ಲಿದ್ದರೆ ಅದು ಈಗ ಬರೀ ಪುಸ್ತಕ.

ಜತೆಗೆ ಬಿಳಿ ಹಿನ್ನೆಲೆಯ ಫೋಟೋ, ಜನ್ಮ ದಿನಾಂಕದ ದಾಖಲೆ, ಆಧಾರ್, ವಿಳಾಸಕ್ಕೆ ಆಧಾರ, ವೈದ್ಯರ ಸರ್ಟಿಫಿಕೇಟ್, ತರಬೇತಿ ಸರ್ಟಿಫಿಕೇಟ್, ಕೋವಿಯನ್ನು ಭದ್ರವಾಗಿ ಇಡುತ್ತೇನೆ ಅನ್ನುವ ಮುಚ್ಚಳಿಕೆ. ಬೆಳೆ ರಕ್ಷಣೆಗಾದರೆ ಪಹಣಿ, ಸಾಗುವಳಿಯ ವಿವರ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆಯಾ? ಹಾಗಾದರೆ ಕೋವಿ ಬಿಡಿ, ಮೊದಲು ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಖಾತೆ) ಮಾಡಿಸಿ.

ಡಾಕ್ಟರ್ ಏನು ಪರೀಕ್ಷೆ ಮಾಡುತ್ತಾರೆ?

ದೇಹ ಮತ್ತು ಮನಸ್ಸು ಎರಡೂ ಸರಿ ಇದೆಯಾ ಅಂತ. ನನಗೆ ಕಣ್ಣು ನೋಡಿದರು, ಬಿಪಿ ನೋಡಿದರು, ಕೈ ಮುಂದೆ ಚಾಚಿಸಿ ನಡುಗುತ್ತದಾ ಅಂತ ನೋಡಿದರು. ಆಮೇಲೆ ರಾತ್ರಿ ನಿದ್ದೆ ಹೇಗೆ, ಕುಡಿಯುತ್ತೀರಾ, ಮನೆಯಲ್ಲಿ ಜಗಳ ಇದೆಯಾ ಅಂತ ಕೇಳಿದರು. ಈ ಪ್ರಶ್ನೆಗಳಿಗೆ ಬೇಸರಪಟ್ಟುಕೊಳ್ಳಬೇಡಿ. ಬೆಲೆ ಬಿದ್ದು, ಸಾಲ ಏರಿ, ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಸಿದಿರುವ ಹೊತ್ತಿನಲ್ಲಿ ಕೋವಿ ತರಲೇಬೇಡಿ. ಕಾನೂನು ಏನೇ ಹೇಳಲಿ, ಇದು ನನ್ನ ಮಾತು.

ತರಬೇತಿ ಎಲ್ಲಿ ಕೊಡುತ್ತಾರೆ? ನನಗೆ ಚಿಕ್ಕಂದಿನಿಂದ ಗೊತ್ತು, ಆದರೂ ಬೇಕಾ?

ಬೇಕು. 2016ರ ನಿಯಮಗಳ ನಂತರ ಕಡ್ಡಾಯ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಅಂತ ಶಿಬಿರ ಮಾಡುತ್ತಾರೆ. ಯಾವಾಗ ಅಂತ ಠಾಣೆಯಲ್ಲೇ ವಿಚಾರಿಸಿ. ವರ್ಷವಿಡೀ ನಡೆಯುವುದಿಲ್ಲ. ಒಮ್ಮೆ ತಪ್ಪಿದರೆ ಮತ್ತೆ ಕಾಯಬೇಕು.

ನನಗೂ ಚಿಕ್ಕಂದಿನಿಂದ ಗೊತ್ತಿತ್ತು. ಅಂದರೆ ದೊಡ್ಡಪ್ಪನ ಜೋಡಿ ನಳಿಗೆ ಕೋವಿಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿಕೊಟ್ಟು ಗೊತ್ತಿತ್ತು. ಬೆಳಗ್ಗೆ ಆರಕ್ಕೆ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದರು. ಮೊದಲ ದಿನಗಳಲ್ಲಿ ಗುಂಡಿನ ಮಾತೇ ಇಲ್ಲ. ಬಿಚ್ಚು, ಜೋಡಿಸು, ಖಾಲಿ ಇದೆಯಾ ನೋಡು, ಮತ್ತೆ ನೋಡು. ಹೇಳಿಕೊಟ್ಟವರು ಒಬ್ಬ ಹೆಡ್ ಕಾನ್‌ಸ್ಟೇಬಲ್, ಅರಸೀಕೆರೆ ಕಡೆಯ ಮಾತು. "ಸಾಹೇಬ್ರೇ, ಖಾಲಿ ಕೋವಿ ಅನ್ನೋದು ಪ್ರಪಂಚದಲ್ಲೇ ಇಲ್ಲ. ಕೈಗೆ ಬಂತು ಅಂದ್ರೆ ತುಂಬಿದೆ ಅಂತಾನೇ ಲೆಕ್ಕ" ಅನ್ನುತ್ತಿದ್ದರು. ಬೆರಳು ಟ್ರಿಗರ್ ಹತ್ತಿರ ಹೋದರೆ ಬೆತ್ತದಿಂದ ಮೆಲ್ಲಗೆ ತಟ್ಟುತ್ತಿದ್ದರು. ನಾನು ಎರಡು ಸಲ ತಟ್ಟಿಸಿಕೊಂಡೆ.

ಗುಂಡು ಹಾರಿಸುವ ದಿನ ಬೋರಲು ಮಲಗಿ, ಕೋವಿಯ ಹಿಂಬದಿಯ ಬಟ್ಟನ್ನು ಹೆಗಲ ಗುಳಿಗೆ ಒತ್ತಿ ಹಿಡಿದೆ ಅಂದುಕೊಂಡೆ. ಸ್ವಲ್ಪ ಸಡಿಲ ಇತ್ತು ಅಂತ ಕಾಣುತ್ತದೆ. ಒದ್ದ ಏಟಿಗೆ ಹೆಗಲು ವಾರವಿಡೀ ನೇರಳೆ ಬಣ್ಣ. ಗುರಿಹಲಗೆಯ ಕಾಗದದಲ್ಲಿ ನನ್ನ ಐದರಲ್ಲಿ ಎರಡೇ ತೂತು. ಉಳಿದ ಮೂರು ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋಗಿದ್ದವು. ಮನೆಗೆ ಬಂದು ನಮ್ಮ ತೋಟ ನೋಡಿದೆ. ನಮ್ಮಲ್ಲಿ ದಿಬ್ಬ ಎಲ್ಲಿದೆ? ಕಾಫಿ ಗಿಡದ ಆಚೆ ಆಳುಗಳ ಲೈನ್ ಮನೆ, ಅದರಾಚೆ ದಾರಿ, ದಾರಿಯಲ್ಲಿ ಶಾಲೆಯಿಂದ ಬರುವ ಮಕ್ಕಳು.

ಪೊಲೀಸ್ ವಿಚಾರಣೆಯಲ್ಲಿ ಏನು ನೋಡುತ್ತಾರೆ?

ನಿಮ್ಮ ಮೇಲೆ ಕೇಸು ಇದೆಯಾ, ಊರಲ್ಲಿ ಯಾರ ಜತೆ ದ್ವೇಷ ಇದೆ, ಕೇಳಿದ ಕಾರಣ ನಿಜವಾ. ಮನೆಗೂ ಬರುತ್ತಾರೆ, ಅಕ್ಕಪಕ್ಕದಲ್ಲೂ ಕೇಳುತ್ತಾರೆ. ನಮ್ಮ ಮನೆಗೆ ಬಂದವರು ಕಾಫಿ ಕುಡಿದು, ಬೀರು ಎಲ್ಲಿದೆ ತೋರಿಸಿ ಅಂದರು. ತೋರಿಸಿದೆ. "ಬೀಗದ ಕೈ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಮಗಳು "ದೇವರ ಮನೆ ಗೂಡಲ್ಲಿ ಇರುತ್ತೆ ಅಂಕಲ್" ಅಂದುಬಿಟ್ಟಳು. ಅವರು ನಕ್ಕರು. ನಾನು ಮರುದಿನವೇ ಕೀ ಜಾಗ ಬದಲಾಯಿಸಿದೆ.

ಎಷ್ಟು ದಿನ ಹಿಡಿಯುತ್ತದೆ? ಕೊಡದಿದ್ದರೆ?

ನಿಯಮದ ಪ್ರಕಾರ ಪೊಲೀಸ್ ವರದಿಗೆ 30 ದಿನ, ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನ. ನನಗೆ ಎಲ್ಲಾ ಸೇರಿ ಒಂದು ಕಾಫಿ ಕೊಯ್ಲಿನಿಂದ ಮುಂದಿನ ಹೂಮಳೆ ದಾಟಿತು. ಅದರಲ್ಲಿ ಎರಡು ತಿಂಗಳು ಮೊದಲೇ ಹೇಳಿದ ನನ್ನ ಜಾಣತನದ್ದು.

ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಆಸ್ತಿ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ನಿರಾಕರಿಸುವ ಹಾಗಿಲ್ಲ, ಕಾಯ್ದೆಯಲ್ಲೇ ಹೀಗಿದೆ. ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ನಮ್ಮ ಎರಡೂ ಜಿಲ್ಲೆಗಳು ಮೈಸೂರು ವಿಭಾಗಕ್ಕೆ ಸೇರಿದ್ದರಿಂದ ಅದು ಮೈಸೂರಿನ ಪ್ರಾದೇಶಿಕ ಆಯುಕ್ತರ ಮುಂದೆ ಹೋಗುತ್ತದೆ.

ಯಾವ ಕೋವಿ ತೆಗೆದುಕೊಳ್ಳಲಿ? ಪಿಸ್ತೂಲ್ ಸಿಗಲ್ವಾ?

ತೋಟಕ್ಕೆ 12 ಬೋರಿನ ತೋಟೆ ಕೋವಿ ಸಾಕು. ಒಂಟಿ ನಳಿಗೆಯೋ ಜೋಡಿ ನಳಿಗೆಯೋ ನಿಮ್ಮ ಇಷ್ಟ. ನಳಿಗೆಯ ಬಾಯಿಗೆ ಸರಿಹೊಂದುವ 12 ಸೀಸದ ಗುಂಡು ಸೇರಿದರೆ ಒಂದು ಪೌಂಡ್ ತೂಗುತ್ತದೆ, ಅದಕ್ಕೇ 12 ಬೋರ್. ನಮ್ಮ ದೊಡ್ಡಪ್ಪ ಇದನ್ನು ಮನೆಗೆ ಬಂದ ನೆಂಟರಿಗೆಲ್ಲ ಒಮ್ಮೆಯಾದರೂ ಹೇಳದೆ ಊಟಕ್ಕೆ ಕೂರಿಸುತ್ತಿರಲಿಲ್ಲ.

.32 ರಿವಾಲ್ವರ್, .315 ರೈಫಲ್ ಸಾಮಾನ್ಯರಿಗೂ ಕಾನೂನಿನಲ್ಲಿ ಇವೆ, ಆದರೆ ಕಾರಣ ಗಟ್ಟಿ ಇರಬೇಕು. .303, 9 ಎಂಎಂ ನಿಷೇಧಿತ ಬೋರಿಗೆ ಸೇರಿದವು, ಅದು ಜಿಲ್ಲಾಧಿಕಾರಿ ಕೈಯಲ್ಲಿಲ್ಲ, ದೆಹಲಿಯ ಗೃಹ ಸಚಿವಾಲಯದ ವಿಷಯ. ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. ಒಬ್ಬರಿಗೆ ಹೆಚ್ಚೆಂದರೆ ಎರಡು ಕೋವಿ. 2019ಕ್ಕೆ ಮೊದಲು ಮೂರು ಇತ್ತು.

ಲೈಸೆನ್ಸ್ ಕೈಗೆ ಬಂದ ಮೇಲೆಯೇ ಕೋವಿ. ಪರವಾನಗಿ ಇರುವ ಅಂಗಡಿಯಲ್ಲಿ ಕೊಳ್ಳಬೇಕು, ತಂದು ತೋರಿಸಿ ಅದರ ನಂಬರನ್ನು ಲೈಸೆನ್ಸಿಗೆ ಏರಿಸಬೇಕು. ಎಷ್ಟು ತೋಟೆ ಇಟ್ಟುಕೊಳ್ಳಬಹುದು ಅಂತ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಲೈಸೆನ್ಸ್ ಇರುವ ಇನ್ನೊಬ್ಬರ ಹಳೇ ಕೋವಿಯನ್ನೂ ಕೊಳ್ಳಬಹುದು. ಆದರೆ ಮಾರುವವರು ಮೊದಲು ಜಿಲ್ಲಾ ದಂಡಾಧಿಕಾರಿಗೋ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು.

ಲೈಸೆನ್ಸ್ ಬಂದರೆ ಹಂದಿ ಹೊಡೆಯಬಹುದು ಅಲ್ವಾ? ಆನೆ ಬಂದರೆ?

ಹೊಡೆಯುವಂತಿಲ್ಲ. ಇದನ್ನು ಮದುವೆ ಮನೆಯಲ್ಲಿ ಹೇಳಿದರೆ "ಮತ್ತೆ ಕೋವಿ ಯಾಕೆ, ಗೋಡೆಗೆ ನೇತು ಹಾಕಕ್ಕಾ?" ಅಂತಾರೆ. ಸಿಟ್ಟು ಸರಿಯೇ. ಒಂದು ರಾತ್ರಿಯಲ್ಲಿ ಹಂದಿ ಹಿಂಡು ಗದ್ದೆಯನ್ನು ಉತ್ತ ಹಾಗೆ ಮಾಡಿಟ್ಟು ಹೋದದ್ದನ್ನು ನಾನೂ ನೋಡಿದ್ದೇನೆ. ಆದರೆ ಕೋವಿಯ ಲೈಸೆನ್ಸ್ ಬೇರೆ, ಪ್ರಾಣಿ ಕೊಲ್ಲುವ ಅನುಮತಿ ಬೇರೆ. ಮೊದಲನೆಯದು ಜಿಲ್ಲಾಧಿಕಾರಿಯದು. ಎರಡನೆಯದು 1972ರ ವನ್ಯಜೀವಿ ಕಾಯ್ದೆಯ 11ನೇ ಕಲಂ ಪ್ರಕಾರ ಅರಣ್ಯ ಇಲಾಖೆಯದು. ಅದು ಲಿಖಿತ ಅನುಮತಿಯಾಗಿರಬೇಕು. "ಗಾರ್ಡ್ ಹೂಂ ಅಂದ್ರು" ಅನ್ನುವುದು ಕೋರ್ಟಿನಲ್ಲಿ ನಡೆಯುವುದಿಲ್ಲ. ಹಂದಿ ಕೂಡ ಆ ಕಾಯ್ದೆಯ ಪಟ್ಟಿಯಲ್ಲಿದೆ.

ಆನೆ, ಚಿರತೆ, ನವಿಲು ಮೊದಲ ಪಟ್ಟಿಯವು. ಹೊಡೆದರೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೂ ಜೈಲು. ಮೈಮೇಲೆ ಬಂದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ ಅಂತ ಕಾನೂನಿನಲ್ಲಿದೆ. ಆದರೆ ಅದು ಜೀವಕ್ಕೆ ಮಾತ್ರ, ಬಾಳೆಗಿಡಕ್ಕಲ್ಲ.

ಅದೂ ಅಲ್ಲದೆ, ಕಾನೂನು ಬಿಟ್ಟು ನೋಡಿ. 12 ಬೋರಿನ ಚರೆ (ತೋಟೆಯೊಳಗಿನ ಸಣ್ಣ ಸೀಸದ ಗುಂಡುಗಳು) ನಲವತ್ತು ಗಜ ದಾಟಿದರೆ ಚೆದುರಿ ಬಲ ಕಳೆದುಕೊಳ್ಳುತ್ತದೆ. ಅಷ್ಟು ಹತ್ತಿರ ನಿಂತು ಆನೆಗೆ ಚರೆ ಹೊಡೆದರೆ ಅದು ಸಾಯುವುದಿಲ್ಲ, ಗಾಯಗೊಂಡು ತಿರುಗಿ ನಿಲ್ಲುತ್ತದೆ. ಅವತ್ತು ನಿಮ್ಮ ಮೇಲೆ, ಮಾರನೇ ದಿನ ಬೆಳಗ್ಗೆ ಕೆಲಸಕ್ಕೆ ಬರುವ ಆಳುಗಳ ಮೇಲೆ. ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನನೇ 2023ರ ಡಿಸೆಂಬರಿನಲ್ಲಿ ನಮ್ಮ ಯಸಳೂರು ಕಡೆ ಕಾಡಾನೆ ಹಿಡಿಯಲು ಬಂದು ಒಂಟಿಸಲಗದ ತಿವಿತಕ್ಕೆ ಸತ್ತ. ಮಾವುತರು, ಅರವಳಿಕೆಯವರು, ಇಷ್ಟೊಂದು ಜನ ಇದ್ದರೂ. ನಾವು ಒಂದು ತೋಟೆ ಕೋವಿ ಹಿಡಿದು ಏನು ಮಾಡುವುದು?

ಆನೆ ಬಂತು ಅಂದರೆ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಗೆ ಫೋನ್ ಮಾಡಿ. ಬೆಳೆ ಹೋಗಿದ್ದರೆ ಫೋಟೋ ತೆಗೆದು ಪರಿಹಾರಕ್ಕೆ ಅರ್ಜಿ ಹಾಕಿ.

ಕಣದಲ್ಲಿ ಹಾಕಿದ ಮೆಣಸು ಕದಿಯಲು ಬಂದರೆ?

ಮೂಟೆ ಹೊತ್ತು ಓಡುವ ಕಳ್ಳನ ಬೆನ್ನಿಗೆ ಗುಂಡು ಹೊಡೆದರೆ ಕಳ್ಳ ಆಸ್ಪತ್ರೆಗೆ, ನೀವು ಜೈಲಿಗೆ. ಆತ್ಮರಕ್ಷಣೆಯ ಹಕ್ಕು ಅಪಾಯ ಇರುವಷ್ಟು ಹೊತ್ತು, ಬೇಕಾದಷ್ಟು ಮಾತ್ರ. ಕಣಕ್ಕೆ ಒಂದು ಕ್ಯಾಮರಾ, ಎರಡು ನಾಯಿ ಇಡಿ.

ಅಪ್ಪನ ಕೋವಿ ಇದೆ. ಅಪ್ಪ ತೀರಿಕೊಂಡರು. ಏನು ಮಾಡಬೇಕು?

ಮೊದಲು ಅದನ್ನು ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಜಮಾ ಮಾಡಿ ರಸೀದಿ ತೆಗೆದುಕೊಳ್ಳಿ. ತಡ ಮಾಡಬೇಡಿ. ಅಪ್ಪನ ಲೈಸೆನ್ಸ್ ಅಪ್ಪನ ಜತೆಗೇ ಮುಗಿಯಿತು. ತಿಥಿ, ವರ್ಷಾಂತಿಕ ಅಂತ ಮುಂದೂಡುತ್ತಾ ಹೋದರೆ ಅಷ್ಟೂ ದಿನ ನಿಮ್ಮ ಮನೆಯಲ್ಲಿ ಲೈಸೆನ್ಸ್ ಇಲ್ಲದ ಕೋವಿ ಇದೆ ಅಂತಲೇ ಅರ್ಥ. ಆಮೇಲೆ ವಾರಸುದಾರರಾಗಿ ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರ ಒಪ್ಪಿಗೆ ಪತ್ರ ಬೇಕು. ತೋಟ ಪಾಲಾಗುವಾಗ ಇಲ್ಲದ ಜಗಳ ಕೋವಿಗೆ ಬಂದದ್ದು ನಾನು ನೋಡಿದ್ದೇನೆ.

ಅಪ್ಪ ಇದ್ದಾಗಲೇ ಮಾಡುವುದು ಸುಲಭ. ಅವರಿಗೆ 70 ತುಂಬಿದ್ದರೆ, ಅಥವಾ ಕೋವಿ 25 ವರ್ಷ ಅವರ ಹತ್ತಿರ ಇದ್ದರೆ, ತಾವೇ ಒಬ್ಬ ವಾರಸುದಾರರನ್ನು ಸೂಚಿಸಬಹುದು. ಆದರೂ ತರಬೇತಿ, ಡಾಕ್ಟರ್, ಪೊಲೀಸ್ ವರದಿ ಎಲ್ಲಾ ನಿಮಗೂ ಇದ್ದದ್ದೇ.

ತೋಟದ ರೈಟರ್ (ಲೆಕ್ಕ, ಆಳು ನೋಡಿಕೊಳ್ಳುವವರು) ಕೈಗೆ ಕೋವಿ ಕೊಟ್ಟು ಊರಿಗೆ ಹೋಗಬಹುದಾ?

ಬೇಡ. ಲೈಸೆನ್ಸಿನಲ್ಲಿ ಹೆಸರಿಲ್ಲದವರ ಕೈಗೆ ಕೊಡುವಂತಿಲ್ಲ. ರಿಪೇರಿಗೋ ನವೀಕರಣಕ್ಕೋ ಒಯ್ಯಲು ನೀವು ಬರೆದುಕೊಟ್ಟರೆ ಅಷ್ಟಕ್ಕೆ ಮಾತ್ರ ಅವಕಾಶ ಇದೆ. ಭಾವ ಬಂದ, ಮಾವ ಕೇಳಿದರು ಅಂತಲೂ ಕೊಡಬೇಡಿ.

ಮನೆಯಲ್ಲಿ ಹೇಗಿಡಬೇಕು?

ಖಾಲಿ ಮಾಡಿ, ಬೀಗ ಹಾಕಿ, ತೋಟೆಗಳನ್ನು ಬೇರೆ ಕಡೆ ಬೀಗದಲ್ಲಿ. ನಮ್ಮ ಕಡೆ ಇನ್ನೊಂದು ತೊಂದರೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನ ಒಳಗಿನ ಬಟ್ಟೆಯೇ ಬೂಸ್ಟು ಹಿಡಿಯುತ್ತದೆ, ಇನ್ನು ಕಬ್ಬಿಣ ಬಿಡುತ್ತದಾ? ಹದಿನೈದು ದಿನಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿ. ಚರ್ಮದ ಚೀಲದಲ್ಲಿ ಹಾಕಿಡಬೇಡಿ, ಚೀಲ ತೇವ ಹೀರಿಕೊಂಡು ನಳಿಗೆಗೆ ತುಕ್ಕು ಹಿಡಿಸುತ್ತದೆ. ಕಾಗದದ ತೋಟೆ ಇದ್ದ ಕಾಲದಲ್ಲಿ ಅಟ್ಟದ ಮೇಲೆ ಒಲೆಯ ಬಿಸಿ ತಾಗುವ ಕಡೆ ಇಡುತ್ತಿದ್ದರಂತೆ. ಅದನ್ನು ಮಾತ್ರ ಅನುಸರಿಸಬೇಡಿ.

ಚುನಾವಣೆ ಬಂದರೆ ಯಾಕೆ ಕೋವಿ ಕೇಳುತ್ತಾರೆ?

ಚುನಾವಣೆ ಘೋಷಣೆ ಆದ ಮೇಲೆ ಲೈಸೆನ್ಸ್ ಇರುವ ಆಯುಧಗಳನ್ನು ಠಾಣೆಗೆ ಜಮಾ ಮಾಡಿ ಅಂತ ಜಿಲ್ಲಾಡಳಿತ ಆದೇಶ ಮಾಡುತ್ತದೆ. ರಸೀದಿ ಜೋಪಾನ ಮಾಡಿ, ಚುನಾವಣೆ ಮುಗಿದ ಮೇಲೆ ವಾಪಸ್ ಸಿಗುತ್ತದೆ. ಬೆಳೆ ರಕ್ಷಣೆಗೆ ಬೇಕೇ ಬೇಕು ಅನ್ನುವವರು ವಿನಾಯಿತಿಗೆ ಅರ್ಜಿ ಕೊಡಬಹುದು, ಪರಿಶೀಲನಾ ಸಮಿತಿ ನೋಡುತ್ತದೆ.

ಆಯುಧಪೂಜೆ, ಮದುವೆ ದಿಬ್ಬಣದಲ್ಲಿ ಒಂದು ಈಡು ಗಾಳಿಗೆ ಹಾರಿಸಿದರೆ?

ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. 2019ರಲ್ಲಿ ಇದಕ್ಕೇ ಅಂತ ಸೇರಿಸಿದ್ದಾರೆ. ಪೂಜೆ ಮಾಡಿ, ಕುಂಕುಮ ಇಡಿ, ಒಳಗಿಡಿ.

ಅಲ್ಲೊಬ್ಬರು ನಾಡಕೋವಿ ಮಾಡಿಕೊಡುತ್ತಾರಂತೆ, ಸುಲಭ ಅಲ್ವಾ?

ಲೈಸೆನ್ಸ್ ಇಲ್ಲದ ಕೋವಿ ಇಟ್ಟುಕೊಂಡರೆ ಕನಿಷ್ಠ ಎರಡು ವರ್ಷ, ಐದು ವರ್ಷದವರೆಗೂ ಶಿಕ್ಷೆ. ಮಾಡಿಕೊಡುವವರಿಗೆ ಏಳು ವರ್ಷದಿಂದ ಜೀವಾವಧಿವರೆಗೆ. ಅದರ ನಳಿಗೆ ಒಡೆದರೆ ಹೋಗುವುದು ನಿಮ್ಮದೇ ಎಡಗೈ.

ಏರ್‌ಗನ್‌ಗೂ ಲೈಸೆನ್ಸ್ ಬೇಕಾ?

.177 ಬೋರು ಮತ್ತು 20 ಜೂಲ್ ಶಕ್ತಿ ಮೀರದಿದ್ದರೆ ಬೇಡ. ಆದರೆ ಅದರಲ್ಲಿ ಹಕ್ಕಿ ಹೊಡೆದರೆ ವನ್ಯಜೀವಿ ಕಾಯ್ದೆ ಬಂದೇ ಬರುತ್ತದೆ.

ಎಷ್ಟು ವರ್ಷಕ್ಕೆ ನವೀಕರಣ?

ಐದು ವರ್ಷ. ಮೊದಲು ಮೂರಿತ್ತು. ಮುಗಿಯುವ ಎರಡು ತಿಂಗಳು ಮೊದಲೇ ಅರ್ಜಿ ಕೊಟ್ಟುಬಿಡಿ. ಕ್ಯಾಲೆಂಡರಿನಲ್ಲಿ ಗುರುತು ಮಾಡಿದರೆ ಸಾಲದು, ಐದು ವರ್ಷದ ಕ್ಯಾಲೆಂಡರ್ ಯಾರೂ ಇಟ್ಟುಕೊಳ್ಳುವುದಿಲ್ಲ. ನಾನು ಬೀರುವಿನ ಬಾಗಿಲ ಒಳಗೆ ಚೀಟಿ ಅಂಟಿಸಿದ್ದೇನೆ.

ಏಜೆಂಟರ ಹತ್ತಿರ ಮಾಡಿಸಿದರೆ ಬೇಗ ಆಗುತ್ತದಾ?

ಡಾಕ್ಟರ್ ಮುಂದೆ ನಿಮ್ಮ ಕೈಯನ್ನು ಅವರು ಚಾಚುವುದಿಲ್ಲ, ಮೈದಾನದಲ್ಲಿ ನಿಮ್ಮ ಬದಲು ಅವರು ಮಲಗುವುದಿಲ್ಲ. ಉಳಿದದ್ದು ಒಂದು ಫಾರಂ ತುಂಬುವ ಕೆಲಸ. ಅದಕ್ಕೆ ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಸಾಕು.

ನೀವು ಕೋವಿ ತಂದ ಮೇಲೆ ಎಷ್ಟು ಸಲ ಹಾರಿಸಿದ್ದೀರಿ?

ಇದನ್ನೂ ಎಲ್ಲರೂ ಕೇಳುತ್ತಾರೆ. ಒಂದೇ ಸಲ, ಕೊಂಡ ದಿನ ಅಂಗಡಿಯವರು ಸರಿ ಇದೆಯಾ ಅಂತ ತೋರಿಸುವಾಗ ಖಾಲಿ ಟ್ರಿಗರ್ ಒತ್ತಿದ್ದೆ, ಅದನ್ನು ಲೆಕ್ಕ ಹಿಡಿದರೆ. ತಂದ ತೋಟೆಗಳು ಡಬ್ಬಿಯಲ್ಲಿ ಹಾಗೇ ಇವೆ. ಹಂದಿಗೆ ಈ ವರ್ಷ ಗದ್ದೆ ಸುತ್ತ ಸೋಲಾರ್ ಬೇಲಿ ಹಾಕಿಸಿದೆ.